ಇಂಥಾ ಹೊತ್ತಿನ್ಯಾಗ ನಗಬಾರದೇನ್ರೀ?

ಈಗೀಗ ನಮ್ಮ ಹೆಣ್ಮಕ್ಕಳ ನಡುವ ಒಂದು ಮಾತು ಭಾಳ ಓಡ್ಯಾಡಾಕತ್ತೈತಿ. ಊರೆಲ್ಲ ಇಷ್ಟು ಸಂಕಟದಾಗ ಇದ್ದಾಗ ಇವರಿಗೆ ಖುಷಿ ಪಡಾಕ ಹೆಂಗರೆ ಮನಸ್ಸು ಬರ್ತೈತಿ, ಅಂತ. ಯಾರರೆ ಮಾಳಗಿ ಮ್ಯಾಲೆ ಸಂಡಿಗಿ ಹಾಕಿದ್ರ ಈ ಮಾತು. ಬಾಗಲಾ ಮುಂದ ದೊಡ್ಡ ರಂಗೋಲಿ ಹಾಕಿದ್ರ ಈ ಮಾತು. ಕೂಸಿನ ಹುಟ್ಟಿದಹಬ್ಬಕ್ಕ ಮನ್ಯಾಗ ನಾಲ್ಕು ಹೋಳಿಗಿ ಬೇಯಿಸಿದ್ರೂ ಇದೇ ಮಾತು. ಹಂಗ ಅಂದಾಕಿ ಕೆಟ್ಟಾಕಿ ಅಂತ ನಾ ಹೇಳೂದಿಲ್ಲ. ಆಕಿ ಮನಸ್ಸು ನೊಂದಿರ್ತೈತಿ, ಅದಕ್ಕ ಅಂತಾಳ. ಆದ್ರ ಅನ್ನಿಸಿಕೊಂಡಾಕಿ ಇದ್ದಾಳಲ್ಲ, ಆಕೀನೂ ಒಳಗ ಅಳಾಕತ್ತಿರ್ತಾಳ. ಒಂದು ತಾಸು ಅಳೂದು ಬಿಟ್ಟು ಕೈ ಆಡಿಸಿರ್ತಾಳ, ಅಷ್ಟೇ.

ನಾ ಓದಿದ್ದು ಪಿಯುಸಿ ತನಕ. ದೊಡ್ಡ ದೊಡ್ಡ ಪುಸ್ತಕ ಓದಿ ಹೇಳಾಕಿ ಅಲ್ಲ. ಮೂವತ್ತು ವರ್ಷ ಒಂದೇ ಅಡಗಿಮನ್ಯಾಗ ನಿಂತು ಕಂಡಿದ್ದನ್ನ ಹೇಳ್ತೇನಿ. ಸಂಕಟದ ಕಾಲದಾಗ ಸಣ್ಣ ಖುಷಿ ತಪ್ಪಲ್ಲ. ಅದು ಬೇಕು. ಹಂಗಂತ ಎಲ್ಲಾ ಖುಷಿನೂ ಒಂದೇ ಅಲ್ಲ. ಯಾರ ಬೆನ್ನ ಮ್ಯಾಲೆ ಆ ಖುಷಿ ಕುಂತೈತಿ, ಯಾರ ಕಣ್ಣಿಗೆ ಅದು ಚುಚ್ಚತೈತಿ ಅನ್ನೂದು ನೋಡಬೇಕು. ಇದು ನನ್ನ ಅಭಿಪ್ರಾಯ. ಓದಿ ನಿಮಗ ಬ್ಯಾರೆ ಅನಿಸಿದ್ರ ಕಾಂಪೌಂಡ್ ಗ್ವಾಡಿ ಆ ಕಡಿಂದ ಕೂಗಿ ಹೇಳ್ರಿ, ನಾ ಕೇಳ್ತೇನಿ.

ಮೊದಲ ಈ ಕಾಲ ಎಂಥಾದು ಅನ್ನೂದನ್ನ ಹೇಳಿಬಿಡೂಣು. 2020ರ ಮಾರ್ಚ್ 25ಕ್ಕ ಯುಗಾದಿ ಇತ್ತು. ಅದೇ ದಿನಾ ದೇಶಕ್ಕೆಲ್ಲ ಕೀಲಿ ಬಿತ್ತು. ಹಿಂದಿನ ರಾತ್ರಿ ಎಂಟಕ್ಕ ಟೀವ್ಯಾಗ ಸುದ್ದಿ ಬಂದಾಗ ಬೇವು ಬೆಲ್ಲ ತಂದಿಟ್ಟವರೂ ಇದ್ರು, ನಾಳೆ ಮುಂಜಾನೆ ತಂದ್ರಾತು ಅಂತ ಕುಂತವರೂ ಇದ್ರು. 21 ದಿನಾ ಅಂದಿದ್ದು ತಿಂಗಳಗಟ್ಟಲೆ ಹೋತು. ಆಗ ಅಂಜಿಕಿ ಇತ್ತು, ಆದ್ರ ನಮ್ಮ ಓಣಿಗೆ ಸಾವು ಬಂದಿರಲಿಲ್ಲ. 2021ರಾಗ ಹಂಗಿದ್ದಿಲ್ಲ. ಏಪ್ರಿಲ್ ಕಡೀಕ ಮತ್ತ ಬಾಗಲಾ ಹಾಕಿದ್ರು, ಮೇ 10ರಿಂದ ಇನ್ನೂ ಬಿಗಿ ಆತು. ಮುಂಜಾನೆ ಆರರಿಂದ ಹತ್ತರ ತನಕ ಕಾಯಿಪಲ್ಯಾ, ಹಾಲು, ಕಿರಾಣಿ. ಆಮ್ಯಾಲೆ ಓಣ್ಯಾಗ ಮಂದಿ ಮಾರಿನೇ ಕಾಣ್ತಿದ್ದಿಲ್ಲ. ರಾತ್ರಿ ಆಂಬುಲೆನ್ಸ್ ಸಪ್ಪಳ ಕೇಳಿದ್ರ ನಾವೆಲ್ಲ ಎದ್ದು ಕುಂದರ್ತಿದ್ವಿ, ನಮ್ಮ ಓಣಿಗೆ ಹೊಳ್ಳತೈತೋ ಮುಂದ ಹೋಗ್ತೈತೋ ಅಂತ. ಫೋನ್ ಬಂದ್ರ ಎತ್ತಾಕ ಅಂಜಿಕಿ. ಬಳಗದಾಗ ಮೂರು ಮಂದಿ ಹೋದ್ರು. ಯಾರ ಮಣ್ಣಿಗೂ ಹೋಗಾಕ ಆಗ್ಲಿಲ್ಲ.

ಇಂಥಾದ್ರಾಗ ಖುಷಿ ಯಾಕ ಬೇಕು? ನಮ್ಮ ಅಜ್ಜಿ ಹೇಳ್ತಿದ್ದ ಒಂದು ಮಾತು ಕೇಳ್ರಿ. ಅಜ್ಜಿ ಅದನ್ನ ಕೇಳಿದ್ದು ಅವರವ್ವನ ಬಾಯಾಗ. ಹಿಂದ ಈ ಭಾಗದಾಗ ಪ್ಲೇಗ್ ಬಂದಾಗ ಮನಿಯೊಳಗ ಇಲಿ ಬಿದ್ವು ಅಂದ್ರ ಮಂದಿ ಊರು ಬಿಟ್ಟು ಹೊರಗ ಹೊಲದಾಗ ಗುಡಸಲಾ ಹಾಕ್ಕೊಂಡು ಇರ್ತಿದ್ರಂತ. ಇವತ್ತು ಇದ್ದವರು ನಾಳೆ ಇರ್ತಿದ್ದಿಲ್ಲ. ಆದ್ರೂ ಆ ಗುಡಸಲದ ಬಾಗಲಾ ಮುಂದ ಹೆಣ್ಮಕ್ಕಳು ದಿನಾ ಸಗಣಿ ನೀರು ಹಾಕಿ, ಸಾರಿಸಿ, ನಾಲ್ಕು ಎಳಿ ರಂಗೋಲಿ ಹಾಕ್ತಿದ್ರಂತ. ಅಜ್ಜಿ ಸಣ್ಣಾಕಿದ್ದಾಗ ಅವರವ್ವಗ ಕೇಳಿದ್ಳಂತ, "ಸಾಯೂ ಹೊತ್ತಿನ್ಯಾಗ ಯಾಕವ್ವಾ ರಂಗೋಲಿ?" ಅಂತ. ಆಕಿ ಅಂದ್ಳಂತ, "ಮನಿ ಬಿಟ್ಟು ಬಂದಿದ್ವಿ, ಮನಿತನಾ ಬಿಟ್ಟು ಬಂದಿದ್ದಿಲ್ಲ." ಇದಕ್ಕಿಂತ ಹೆಚ್ಚಿಂದು ನನಗೇನೂ ಹೇಳಾಕ ಬರೂದಿಲ್ಲ.

ಅಜ್ಜಿ ಕಾಲದ ಮಾತು ಬಿಡ್ರಿ, 72ರ ಬರ ನಮ್ಮ ಅವ್ವ ಕಂಡಾಳ. ಜ್ವಾಳ ಸಿಗದಾಗ ಅಮೇರಿಕಾದ ಗ್ವಾದಿ, ಮೆಕ್ಕಿಜ್ವಾಳ ತಿಂದು ದಿನಾ ಕಳದಾರ. ಆ ಎರಡು ವರ್ಷದಾಗ ಅವ್ವ ನಾಲ್ಕು ಕೌದಿ ಹೊಲಿದಾಳ. ಹೊಸ ಅರಿವಿ ತರಾಕ ರೊಕ್ಕ ಇದ್ದಿಲ್ಲ. ಹರದ ಸೀರಿ, ಅಪ್ಪನ ಧೋತರಾ, ನಮ್ಮ ಲಂಗದ ತುಂಡು, ಎಲ್ಲಾ ಪದರಿನ ಮ್ಯಾಲೆ ಪದರು ಹಾಸಿ, ಓಣಿ ಹೆಣ್ಮಕ್ಕಳೆಲ್ಲ ಸುತ್ತ ಕುಂತು ಹೊರಗಿನ ಅಂಚಿನಿಂದ ಒಳಗ ಒಳಗ ದಾರಾ ಎಳಕೊಂತ ಹೋಗೂದು. ಕೈ ಸೂಜಿ ಮ್ಯಾಲೆ, ಬಾಯಿ ಹಾಡಿನ ಮ್ಯಾಲೆ. ಆ ಕೌದ್ಯಾಗ ಒಂದು ಇನ್ನೂ ನನ್ನ ಹಂತೇಕ ಐತಿ. ಆ ಹೆಣ್ಮಕ್ಕಳಿಗೆ ಬರದ ದುಃಖ ಇದ್ದಿಲ್ಲ ಅಂತ ಯಾರರೆ ಅಂತಾರೇನು? ಹಸಿವಿ ಇತ್ತು, ಸಾಲ ಇತ್ತು, ದನಾ ಮಾರಿದ್ರು. ಅದೆಲ್ಲಾದ್ರ ನಡುವನೇ ಅವರು ನಕ್ಕಿದ್ದು. ನಗೂದಕ್ಕ ಬರ ಮುಗೀಲಿ ಅಂತ ಕಾದಿದ್ರ, ಅವರಿಗೆ ನಗಾಕ ಒಂದು ದಿನಾನೂ ಸಿಗತಿದ್ದಿಲ್ಲ.

ನಮ್ಮ ಬಾಳೇವು ಹಂಗೇ ಐತಲ್ಲ. ಒಂದು ಮುಗದ ಮ್ಯಾಲೆ ಇನ್ನೊಂದು. 2019ರ ಆಗಸ್ಟಿನ್ಯಾಗ ಮಳಿ ಬಂದು ಹೊಳಿ ದಂಡಿ ಊರೆಲ್ಲ ಮುಣಗಿದ್ವು, ನಮ್ಮ ಸಂಬಂಧಿಕರ ಮನಿ ಗ್ವಾಡಿ ಬಿದ್ದಿದ್ವು. ಅದನ್ನ ಎತ್ತಿ ನಿಲ್ಲಿಸೂದ್ರಾಗ ಈ ರೋಗ ಬಂತು. "ಎಲ್ಲಾ ಸರಿ ಆದ ಮ್ಯಾಲೆ ಖುಷಿಯಿಂದ ಇರೂಣು" ಅಂದ್ರ ಆ ದಿನಾ ಕ್ಯಾಲೆಂಡರ್‌ದಾಗ ಇರೂದೇ ಇಲ್ಲ ರೀ.

ಆ ಎರಡು ವರ್ಷದಾಗ ನನ್ನ ಹಿಡಿದು ನಿಲ್ಲಿಸಿದ್ದು ಕಸೂತಿ. ಧಾರವಾಡದ ಕಡೆ ಹೆಣ್ಮಕ್ಕಳಿಗೆ ನಾ ಹೇಳೂದು ಬ್ಯಾಡ, ಆದ್ರ ಬೆಂಗಳೂರಾಗ, ಹೊರದೇಶದಾಗ ಇರೂ ನಮ್ಮ ಹುಡುಗ್ಯಾರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕ ಹೇಳ್ತೇನಿ. ಕಸೂತ್ಯಾಗ ನಾಲ್ಕು ಹೊಲಿಗಿ ಅದಾವು. ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿ ಅಂದ್ರ ಹೋಗೂ ದಾರ್ಯಾಗ ಒಂದು ಬಿಟ್ಟು ಒಂದು ಹೊಲಕೊಂತ ಹೋಗಿ, ಹೊಳ್ಳಿ ಬರೂಮುಂದ ಬಿಟ್ಟ ಜಾಗಾ ತುಂಬಕೊಂತ ಬರೂದು. ಹಿಂದ ಮುಂದ ಎರಡೂ ಕಡೆ ಒಂದೇ ಥರಾ ಕಾಣತೈತಿ. ಮುರಗಿ ಮೆಟ್ಟಲ ಮೆಟ್ಟಲ ಆಗಿ ಹೋಗ್ತೈತಿ. ನೇಗಿ ನೇಯ್ದಂಗ ಕಾಣತೈತಿ. ಮೆಂತಿ ಅಂದ್ರ ಅಡ್ಡಡ್ಡ ಹಾಕಿದ ಹೊಲಿಗಿ, ಮೆಂತೆಕಾಳಿನಂಗ ತುಂಬಕೊಂಡು ಕಾಣತೈತಿ. ಅರಿವಿ ಮ್ಯಾಲೆ ಚಿತ್ರಾ ಬರಕೊಳ್ಳೂದಿಲ್ಲ. ಎಳಿ ಎಣಿಸಿ ಹಾಕೂದು. ದಾರಕ್ಕ ಗಂಟು ಹಾಕಂಗಿಲ್ಲ. ಗೋಪುರ, ತೇರು, ಆನಿ, ನವಿಲು, ತುಳಸಿಕಟ್ಟಿ, ಎಲ್ಲಾ ಲೆಕ್ಕದಾಗೇ ಹುಟ್ಟತಾವು.

ಈ ಎಣಸೂದು ಐತಲ್ಲ, ಅದೇ ನನಗ ಔಷಧ ಆತು. ಎಳಿ ಎಣಸೂಮುಂದ ಬ್ಯಾರೆ ವಿಚಾರ ತಲ್ಯಾಗ ಹೊಕ್ಕೊಳ್ಳೂದಿಲ್ಲ. ಹೊಕ್ಕಿತು ಅಂದ್ರ ಲೆಕ್ಕ ತಪ್ಪತೈತಿ, ಬಿಚ್ಚಿ ಮತ್ತ ಹಾಕಬೇಕಾಗ್ತೈತಿ. ಟೀವ್ಯಾಗ ಮುಂಜಾನಿಂದ ಸಂಜಿ ತನಕ ಎಷ್ಟು ಮಂದಿಗೆ ರೋಗ, ಎಷ್ಟು ಮಂದಿ ಹೋದ್ರು ಅಂತ ಸಂಖ್ಯಾ ಹೇಳೂದನ್ನ ಕೇಳಿ ಕೇಳಿ ಎದಿ ಡಬಡಬ ಅಂತಿತ್ತು. ಟೀವಿ ಬಂದ್ ಮಾಡಿ ಎಳಿ ಎಣಸಾಕ ಕುಂತೆ. ಎರಡು ತಿಂಗಳದಾಗ ಒಂದು ಸೆರಗು ತುಂಬೇತಿ. ಊರಿನ ದುಃಖ ಅದರಿಂದ ಏನೂ ಕಡಿಮಿ ಆಗಿಲ್ಲ, ಆದ್ರ ರಾತ್ರಿ ನಿದ್ದಿ ಬರಾಕತ್ತೈತಿ. ನಿದ್ದಿ ಮಾಡಿದಾಕಿ ಮುಂಜಾನೆ ಎದ್ದು ಇನ್ನೊಬ್ಬರ ಮನಿಗೆ ಡಬ್ಬಿ ಕಟ್ಟಬಹುದು. ನಿದ್ದಿಗೆಟ್ಟಾಕಿ ತನ್ನ ಮನಿಯವರ ಮ್ಯಾಲೇ ಒದರಾಡ್ತಾಳ. ಹಿಂಗಾಗಿ ನಾ ಅನ್ನೂದು, ಖುಷಿ ಅಂದ್ರ ಸ್ವಾರ್ಥ ಅಂತ ಎಲ್ಲಾ ಕಾಲಕ್ಕೂ ಹೇಳಾಕ ಬರಂಗಿಲ್ಲ.

ಇಷ್ಟು ಹೇಳಿ, ಇನ್ನೊಂದು ಮಗ್ಗಲನ್ನೂ ಹೇಳಬೇಕು. 2020ರಾಗ ಎಲ್ಲರೂ ಮನ್ಯಾಗ ಕುಂತಾಗ ಫೋನಿನ್ಯಾಗ ಏನೇನು ಬಂತು ನೆನಪೈತೇನ್ರಿ? ಇಪ್ಪತ್ತೊಂದು ದಿನಕ್ಕ ಇಪ್ಪತ್ತೊಂದು ತಿಂಡಿ. ಕುಕ್ಕರಿನ್ಯಾಗ ಕೇಕ್. ಮನ್ಯಾಗೇ ಪಾನಿಪುರಿ. ಮನಿಮಂದಿಗೆಲ್ಲ ಹಬ್ಬವೋ ಹಬ್ಬ. ಆ ಹಬ್ಬಕ್ಕ ಹಿಟ್ಟು ನಾದಿದಾಕಿ ಯಾರು, ಎಣ್ಣಿ ಮುಂದ ನಿಂತಾಕಿ ಯಾರು, ಆಮ್ಯಾಲೆ ಅಷ್ಟೂ ಭಾಂಡೆ ತಿಕ್ಕಿದಾಕಿ ಯಾರು? ನಮ್ಮ ಮನ್ಯಾಗ ಮೊದಲ ದಿನಕ್ಕ ನಾಲ್ಕು ಸಲ ಚಹಾ ಆಗ್ತಿತ್ತು. ಎಲ್ಲರೂ ಮನ್ಯಾಗ ಉಳಿದ ಮ್ಯಾಲೆ ಎಣಿಸಿದೆ, ಒಂಬತ್ತು ಸಲ! ಮಗ ಕಂಪ್ಯೂಟರ್ ಮುಂದ, ಸೊಸಿ ಇನ್ನೊಂದು ಖೋಲ್ಯಾಗ ಕಂಪ್ಯೂಟರ್ ಮುಂದ, ಮೊಮ್ಮಗಳದು ಫೋನಿನ್ಯಾಗ ಸಾಲಿ, ನಮ್ಮನಿಯವರು ಪೇಪರ್ ಹಿಡಕೊಂಡು ಪಡಸಾಲ್ಯಾಗ. ಎಲ್ಲರೂ ಬಾಯಿ ತುಂಬ "ಮನ್ಯಾಗ ಇದ್ರ ಎಷ್ಟು ಛಂದ" ಅಂತಿದ್ರು. ಛಂದ ಇತ್ತು, ಖರೆ. ನಾ ಮಾತ್ರ ಆ ಛಂದದೊಳಗ ಇದ್ದಿಲ್ಲ, ಒಲಿ ಮುಂದ ಇದ್ದೆ.

ಮನಿಯ ಖುಷಿನೆಲ್ಲ ಒಬ್ಬಾಕಿನೇ ಬೇಯಿಸಿ ಹಾಕೂದಾದ್ರ ಅದಕ್ಕ ಮನಿಯ ಖುಷಿ ಅನ್ನಬ್ಯಾಡ್ರಿ, ಆಕಿ ದುಡಿಮಿ ಅನ್ರಿ. ನಾ ಒಂದು ಸಂಜಿಮುಂದ ಎಲ್ಲರನ್ನೂ ಕುಂದರಿಸಿ ಹೇಳಿದೆ. ಜಗಳಾ ಮಾಡ್ಲಿಲ್ಲ, ಲೆಕ್ಕ ಹೇಳಿದೆ. ಇಷ್ಟು ಚಹಾ, ಇಷ್ಟು ರೊಟ್ಟಿ, ಇಷ್ಟು ಭಾಂಡೆ. ಅವತ್ತಿನಿಂದ ಸಂಜಿ ನಾಲ್ಕರಿಂದ ಐದು ನನ್ನ ತಾಸು. ಆ ಹೊತ್ತಿನ್ಯಾಗ ಯಾರೂ "ಅವ್ವಾ" ಅಂತ ಕರಿಯಂಗಿಲ್ಲ. ಮುಂಜಾನಿ ಚಹಾ ನಮ್ಮನಿಯವರು ಮಾಡ್ತಾರ. ಮೊದಲ ವಾರ ಸಕ್ಕರಿ ಡಬ್ಬಿ ಎಲ್ಲೈತಿ ಅಂತ ಕೇಳಕೊಂತ ಖೋಲಿಗೇ ಬರ್ತಿದ್ರು, ಈಗ ಯಾಲಕ್ಕಿ ಕುಟ್ಟಿ ಹಾಕೂದೂ ಕಲಿತಾರ. ರಾತ್ರಿ ಭಾಂಡೆ ಮಗಂದು. ಆಕಾಶ ಏನೂ ಬಿದ್ದಿಲ್ಲ. ನಿಮ್ಮ ಮನ್ಯಾಗೂ ಬೀಳೂದಿಲ್ಲ. ಗಂಡಸರಿಗೆ ಮಾಡಾಕ ಮನಸ್ಸಿಲ್ಲ ಅಂತ ನಾವು ಮೊದಲೇ ತೀರ್ಮಾನ ಮಾಡಿಬಿಟ್ಟಿರ್ತೀವಿ, ಒಮ್ಮೆ ಬಾಯಿ ಬಿಟ್ಟು ಕೇಳಿದವರು ಎಷ್ಟು ಮಂದಿ ಇದ್ದೀವಿ ಹೇಳ್ರಿ.

ಇದೇ ಸಾಲಿನ್ಯಾಗ ಕೆಲಸದಾಕಿ ಮಾತೂ ಬರ್ತೈತಿ. ಬಾಗಲಾ ಹಾಕಿದಾಗ ನಾವೆಲ್ಲ "ಬರಬ್ಯಾಡವಾ" ಅಂದ್ವಿ. ಅದು ಆಕಿ ಕಾಳಜಿಗೋ ನಮ್ಮ ಅಂಜಿಕಿಗೋ, ಅದಿರಲಿ. ಆದ್ರ ಪಗಾರ? ನಮ್ಮ ಓಣ್ಯಾಗ ಕೆಲವು ಮನ್ಯಾಗ ಕೊಟ್ರು, ಕೆಲವು ಮನ್ಯಾಗ "ಕೆಲಸ ಮಾಡಿಲ್ಲಲ್ಲ" ಅಂದ್ರು. ಆಕಿ ಮಾಡ್ಲಿಲ್ಲ ಅಂತ ಅಲ್ಲವಾ, ನಾವು ಬರಬ್ಯಾಡ ಅಂದ್ವಿ. ಆಕಿ ಮನ್ಯಾಗ ಒಲಿ ಆರಿಸಿ ಉಳಿಸಿದ ರೊಕ್ಕದಾಗ ನಮ್ಮ ಮನ್ಯಾಗ ಕೇಕ್ ಮಾಡಿದ್ರ, ಆ ಕೇಕ್ ನನ್ನ ಗಂಟಲದಾಗ ಇಳಿಯಂಗಿಲ್ಲ. ಸಂಕಟದ ಕಾಲದ ಖುಷಿಗೆ ನಾ ಹಾಕೂ ಮೊದಲನೇ ಷರತ್ತು ಇದು. ಅದು ಇನ್ನೊಬ್ಬಾಕಿ ತುತ್ತಿನಿಂದ ಬಂದದ್ದು ಆಗಿರಬಾರದು.

ಎರಡನೇದು, ತೋರಿಸೂ ಖುಷಿ. ಮಾಡಿದ್ದನ್ನ ನಾಲ್ಕು ಮಂದಿಗೆ ತೋರಿಸಬೇಕು ಅನ್ನೂದು ಸಹಜ. ನಮ್ಮ ಅವ್ವಂದಿರೂ ಶಾವಿಗಿ ಎಳಿ ಎಷ್ಟು ಸಣ್ಣ ಬಂದೈತಿ ಅಂತ ಬಾಜೂ ಮನಿಯಾಕೀನ ಕರದು ತೋರಿಸ್ತಿದ್ರು. ಆದ್ರ ಬಾಜೂ ಮನ್ಯಾಗ ಸಾವಾಗಿದ್ರ ಕರೀತಿದ್ದಿಲ್ಲ. ಈಗ ಫೋನಿನ ಸ್ಟೇಟಸ್ ಹಂಗಲ್ಲ. ಯಾರ ಮನ್ಯಾಗ ಏನಾಗೇತಿ ನೋಡೂದಿಲ್ಲ, ಎಲ್ಲರ ಕಣ್ಣ ಮುಂದೂ ಒಮ್ಮೆಲೇ ಹೋಗಿ ನಿಂದರ್ತೈತಿ. ಆಸ್ಪತ್ರಿ ಹೊರಗ ಆಕ್ಸಿಜನ್ನಿಗಾಗಿ ಓಡ್ಯಾಡಾಕತ್ತಾಕಿ ಫೋನ್ ತಗದ್ರ ನಮ್ಮ ಜಾಮೂನಿನ ಫೋಟೋ. ಇದು ತಪ್ಪು ಅಂತ ಹೇಳಾಕ ಶಾಸ್ತ್ರ ಬೇಕಾಗಿಲ್ಲ. ಮಾಡ್ರಿ, ತಿನ್ರಿ, ಮಕ್ಕಳಿಗೆ ತಿನ್ನಿಸ್ರಿ. ಫೋಟೋ ಅಷ್ಟು ಸ್ವಲ್ಪ ದಿನಾ ನಿಮ್ಮ ಫೋನಿನ್ಯಾಗೇ ಇರ್ಲಿ. ಹಳಸೂದಿಲ್ಲ.

ಫೋಟೋದ ಬದಲು ಡಬ್ಬಿ ಕಳಸ್ರಿ. ನಮ್ಮ ಕಡೆ ಸತ್ತವರ ಮನ್ಯಾಗ ಒಲಿ ಹಚ್ಚೂದಿಲ್ಲ, ಅಕ್ಕಪಕ್ಕದವರು ಬುತ್ತಿ ಒಯ್ಯತಾರ. ಈ ರೋಗದಾಗ ಯಾರೂ ಒಬ್ಬರ ಮನ್ಯಾಗ ಒಬ್ಬರು ಕಾಲಿಡಂಗಿಲ್ಲ ಅಂತ ಆ ಪದ್ಧತಿನೂ ನಿಂತು ಹೋಗಿತ್ತು. ಆಮ್ಯಾಲೆ ನಾವು ನಾಲ್ಕು ಮನಿಯವರು ಪಾಳಿ ಹಚ್ಚಿದ್ವಿ. ಗೇಟಿನ ಮ್ಯಾಲೆ ಚೀಲಾ ನೇತಹಾಕಿ, ಫೋನ್ ಮಾಡಿ, ಹಿಂದ ಸರಿಯೂದು. ರೊಟ್ಟಿ, ಹೆಸರುಕಾಳ ಪಲ್ಯಾ, ಅನ್ನ, ಸಾರು, ಮಜ್ಜಗಿ. ರೋಗ ಬಂದು ಮಲಗಿದವರ ಮನಿಗೆ ಗಂಜಿ. ಖರೆ ಹೇಳಬೇಕಂದ್ರ ಆ ದಿನದಾಗ ನನಗ ಸಿಕ್ಕ ದೊಡ್ಡ ಖುಷಿ ಯಾವುದು ಅಂದ್ರ ತೊಳದು ಗೇಟಿಗೆ ನೇತಹಾಕಿದ ಖಾಲಿ ಡಬ್ಬಿ. ಉಂಡಾರ ಅಂತ ಗೊತ್ತಾಗ್ತಿತ್ತು.

2021ರ ಮೇ 14ಕ್ಕ ಬಸವ ಜಯಂತಿ ಇತ್ತು. ಅದೇ ದಿನಾ ರಂಜಾನ್ ಹಬ್ಬ. ಎರಡೂ ಒಂದೇ ದಿನಾ ಬಂದಿದ್ವು, ಎರಡೂ ಮನಿ ಒಳಗೇ ಆದ್ವು. ನಮ್ಮ ಹಿತ್ತಲ ಗ್ವಾಡಿ ಆ ಕಡೆ ಇರೂ ಖಾಲಾ ಮೂರು ದಶಕದ ಪರಿಚಯ. ಪ್ರತಿ ವರ್ಷ ಹಬ್ಬಕ್ಕ ಹೋಗಿ ಕುಂತು ಸುರಕುಂಬಾ ಕುಡದು ಬರ್ತಿದ್ವಿ. ಆ ಸಲ ಅವರು ಗ್ವಾಡಿ ಮ್ಯಾಲೆ ಮುಚ್ಚಿದ ಚರಿಗಿ ಇಟ್ರು, ನಾ ಅದೇ ಗ್ವಾಡಿ ಮ್ಯಾಲೆ ಹೋಳಿಗಿ ಡಬ್ಬಿ ಇಟ್ಟೆ. ಇಬ್ಬರೂ ಮಾಸ್ಕ್ ಹಾಕ್ಕೊಂಡು ದೂರ ನಿಂತು ಕಣ್ಣಾಗೇ ನಕ್ವಿ. ಅವರ ತಮ್ಮ ಹೋಗಿ ಇನ್ನೂ ಹದಿನೈದು ದಿನಾ ಆಗಿತ್ತು. "ಹಬ್ಬ ಮಾಡಬ್ಯಾಡ ಅಂತಿತ್ತು ಮನಸ್ಸು. ಆದ್ರ ಅವನಿಗೆ ಇದರಾಗಿನ ಖಾರೀಕ ಭಾಳ ಸೇರ್ತಿತ್ತು, ಅದಕ್ಕ ಮಾಡಿದೆ" ಅಂದ್ರು. ಹಬ್ಬ ಮಾಡಿದ್ದಕ್ಕ ಅವರಿಗೆ ದುಃಖ ಕಡಿಮಿ ಐತಿ ಅಂತ ಯಾರಿಗರೆ ಅನ್ನಾಕ ಬಾಯಿ ಬರ್ತೈತೇನು?

ಈಗ ನನಗ ಭಾಳ ದಿನದಿಂದ ಒಳಗ ಕುದಿಯಾಕತ್ತಿದ್ದ ಮಾತು. ನಮ್ಮ ಬಳಗದಾಗಿನ ಒಬ್ಬಾಕಿ ತಂಗಿ, ಇನ್ನೂ ನಲವತ್ತೈದು ದಾಟಿಲ್ಲ. ಮೇ ತಿಂಗಳದಾಗ ಗಂಡ ಹೋದ. ಕಡೀಕ ಮಾರಿ ನೋಡಾಕ ಸೈತ ಆಗ್ಲಿಲ್ಲ. ಎರಡು ಮಕ್ಕಳು. ತಿಂಗಳಾನುಗಟ್ಟಲೆ ಆಕಿ ಮನಿ ಕಿಡಕಿ ತಗದಿದ್ದಿಲ್ಲ. ಮೊನ್ನೆ ಮೊನ್ನೆ ಆಕಿ ಕಿಡಕಿ ತಗದಾಳ, ಅಂಗಳದಾಗಿನ ಮಲ್ಲಿಗಿ ಬಳ್ಳಿಗೆ ನೀರು ಹಾಕ್ಯಾಳ, ಮುಂಜಾನೆ ರೇಡಿಯೋ ಹಚ್ಯಾಳ. 1950ರಿಂದ ಈ ಊರಿನ ಮಂದಿ ಕೇಳಕೊಂತ ಬಂದ ನಮ್ಮ ಧಾರವಾಡ ಆಕಾಶವಾಣಿ, ಬ್ಯಾರೆ ಏನಲ್ಲ. ಅಷ್ಟಕ್ಕ ಮಾತು ಹುಟ್ಟಿತು. "ಇನ್ನೂ ಸರಿಯಾಗಿ ಎರಡು ತಿಂಗಳಾಗಿಲ್ಲ, ಹಾಡು ಕೇಳ್ತಾಳ!" ಅಂತ. ಅಂದವರು ನಮ್ಮವರೇ, ಹೆಣ್ಮಕ್ಕಳೇ.

ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. 2021ರ ಜೂನ್ ತಿಂಗಳದಾಗ ಇಂಗ್ಲೆಂಡ್‌ನ್ಯಾಗ ನಮ್ಮವರದು ನ್ಯೂಜಿಲೆಂಡ್ ಕೂಡ ಟೆಸ್ಟ್ ಫೈನಲ್ ಇತ್ತು. ಹೆಂಡ್ತಿ ಕಳಕೊಂಡ ಗಂಡಸರೂ ಎಷ್ಟೋ ಮಂದಿ ಇದ್ದಾರ. ಅವರಾಗ ಒಬ್ಬಾಂವ ಟೀವಿ ಮುಂದ ಕುಂತು ಮ್ಯಾಚ್ ನೋಡಿದ್ರ ನಾವು ಏನಂತೀವಿ? "ಪಾಪ, ಮನಸ್ಸು ಹಗುರ ಮಾಡ್ಕೊಳ್ಳಾಕತ್ತಾನ, ನೋಡ್ಲಿ" ಅಂತೀವಿ. ಒಂದು ಕಪ್ ಚಹಾನೂ ಮಾಡಿ ಕೊಡ್ತೀವಿ. ಅದೇ ಹೆಣ್ಮಗಳು ರೇಡಿಯೋ ಹಚ್ಚಿದ್ರ? ಆಕಿ ಮನಸ್ಸು ಹಗುರ ಆಗಬಾರದೇನು? ಆಕಿ ಮಕ್ಕಳು ಮನ್ಯಾಗ ಒಂದು ದನಿ ಕೇಳಬಾರದೇನು? ಸಾವಿನ ದುಃಖಕ್ಕ ಹೆಣ್ಣಿಗೊಂದು ಅಳತಿ, ಗಂಡಿಗೊಂದು ಅಳತಿ ಇಟ್ಟವರು ಯಾರು? ಹಿಂದಿನವರು ಇಟ್ರು ಅಂತ ಹೇಳಿ ಕೈ ತೊಳಕೊಳ್ಳಾಕ ಬರಂಗಿಲ್ಲ. ಇವತ್ತು ಆ ಅಳತಿ ಹಿಡಕೊಂಡು ನಿಂತವರು ನಾವು.

ಆ ಬಳ್ಳಿ ಈಗ ಮೊಗ್ಗು ಬಿಟ್ಟೈತಿ. ನನ್ನ ಕೇಳಿದ್ರ ಆಕಿ ಆ ಹೂವು ಮುಡೀಲಿ. ಹೂವು ಆಕಿಗೆ ಗಂಡ ಕೊಟ್ಟಿದ್ದಲ್ಲ. ಲಂಗ ಉಡೂ ವಯಸ್ಸಿನ್ಯಾಗ ಅವ್ವ ಹೆರಳು ಹಾಕಿ ಮುಡಿಸಿದ್ದು. ಮುಡಿಯೂದು ಬಿಡೂದು ಆಕಿ ಮನಸ್ಸು. ಆದ್ರ "ಮುಡೀಬ್ಯಾಡ" ಅನ್ನಾಕ ನಾವು ಯಾರು? ಮನಸ್ಸಾಗದಿದ್ರ ಬಳ್ಳಿ ನೋಡಿ ಆನಂದ ಪಡೀಲಿ. ನೀರು ಹಾಕದ ಬಳ್ಳಿ ಒಣಗಿತು ಅಂದ್ರ ಹೋದಾಂವ ಹೊಳ್ಳಿ ಬರ್ತಾನೇನು?

ನಮ್ಮ ಸಾಧನಕೇರಿಯ ಬೇಂದ್ರೆ ಅಜ್ಜಾರನ್ನ ನೆನಿಸ್ರಿ. ಒಂದಲ್ಲ ಎರಡಲ್ಲ, ಎಷ್ಟೋ ಮಕ್ಕಳನ್ನ ಕಣ್ಣ ಮುಂದ ಕಳಕೊಂಡ ಮನಿತನಾ ಅದು. ಅಂಥಾ ದುಃಖ ಉಂಡವರೇ ಮಳಿ, ಶ್ರಾವಣ, ಹಕ್ಕಿ, ಹೂವು ಎಲ್ಲಾದ್ರ ಮ್ಯಾಲೂ ಬರದ್ರು. ಅವರು ಶ್ರಾವಣ ನೋಡಿ ಹಿಗ್ಗಿದ್ದಕ್ಕ ಯಾರೂ "ಇವರಿಗೆ ಮಕ್ಕಳ ಮ್ಯಾಲೆ ಮಾಯಾ ಇದ್ದಿಲ್ಲ" ಅಂತ ಅನ್ನಲಿಲ್ಲ. ಕವಿಗೆ ಬಿಟ್ಟ ಮಾತನ್ನ ನಮ್ಮ ಓಣಿ ಹೆಣ್ಮಗಳಿಗೂ ಬಿಡೂಣಲ್ಲ.

ಕೆಲವರು ಇನ್ನೊಂದು ಕೇಳ್ತಾರ. "ಸಣ್ಣ ಸಣ್ಣದ್ರಾಗ ಖುಷಿ ಕಾಣ್ರಿ ಅಂತ ಹೇಳಿ ದೊಡ್ಡ ತಪ್ಪು ಮುಚ್ಚಿಡೂದಲ್ಲೇನ ಇದು?" ಅಂತ. ಮಂಚ ಸಿಗಲಿಲ್ಲ, ಔಷಧ ಸಿಗಲಿಲ್ಲ, ನಡಕೊಂತ ಊರಿಗೆ ಹೋದವರಿಗೆ ದಾರ್ಯಾಗ ನೀರು ಸಿಗಲಿಲ್ಲ. ಅದನ್ನೆಲ್ಲ ರಂಗೋಲಿ ಹಾಕಿ ಮರಿಯೂದೇನು? ಈ ಪ್ರಶ್ನಾ ಸರಿ ಐತಿ. ನಾ ಹೇಳೂದು ಮರೀರಿ ಅಂತಲ್ಲ. ಕೇಳಬೇಕಾದವರನ್ನ ಕೇಳಬೇಕು, ಓಟ್ ಹಾಕೂಮುಂದ ನೆನಪಿಡಬೇಕು. ಆದ್ರ ಸೊರಗಿ ಮಲಗಿದಾಕಿ ಯಾರನ್ನೂ ಏನೂ ಕೇಳೂದಿಲ್ಲ. ಕೇಳಾಕ ಸೈತ ಒಂದು ತುತ್ತು ಉಂಡು, ಒಂದು ನಿದ್ದಿ ಮಾಡಿ, ಒಮ್ಮೆ ನಕ್ಕ ಜೀವ ಬೇಕು.

ನಮ್ಮ ಮನ್ಯಾಗ ಈ ದಿನದಾಗ ನಡದ ಸಣ್ಣ ಖುಷಿ ಹೇಳ್ತೇನಿ, ಬೇಕಾದ್ರ ತಗೋರಿ. ಆಪೂಸ ಮಾವಿನಹಣ್ಣು ತುಟ್ಟಿ ಇರತಿದ್ವು, ಈ ಸಲ ಗಾಡಿಯಾಂವ ಓಣಿಗೇ ತಂದ. ಬೆಲಿ ಕಡಿಮಿ ಮಾಡು ಅಂತ ಹಟಾ ಹಿಡೀಲಿಲ್ಲ, ಅವನ ಮನ್ಯಾಗೂ ಮಕ್ಕಳದಾವು. ಗೊಪ್ಪ ಸೀಕರಣಿ ಮಾಡಿದ್ವಿ. ಅಗಸಿ ಚಟ್ನಿಪುಡಿ ಮಿಕ್ಸರ್ ಬಿಟ್ಟು ಒಳ್ಳಿನ್ಯಾಗ ಕುಟ್ಟಿದ್ವಿ, ಮೊಮ್ಮಗಳು ಒನಕಿ ಹಿಡಿದಿದ್ದು ಜಲ್ಮದಾಗ ಮೊದಲ ಸಲ. 2020ರಾಗ ಟೀವ್ಯಾಗ ಹಳೇ ರಾಮಾಯಣ ಮತ್ತ ಹಾಕಿದಾಗ ನಮ್ಮ ಅತ್ತಿಯವರು, 1987ರಾಗ ಅದನ್ನ ನೋಡಾಕ ಯಾರ್ಯಾರ ಮನಿ ಕಟ್ಟಿ ಮ್ಯಾಲೆ ಕುಂದರ್ತಿದ್ರು ಅನ್ನೂದನ್ನ ಹೇಳಿದ್ರು. ಕಥಿಗಿಂತ ಆ ಕಥಿ ಛಂದ ಇತ್ತು. ಮಳಿ ಬಿದ್ದ ಮೊದಲ ದಿನಾ ಹಂಚಿನ ಮ್ಯಾಲಿನ ಸಪ್ಪಳ ಕೇಳಕೊಂತ ಎಲ್ಲರೂ ಸುಮ್ಮನ ಕುಂತಿದ್ವಿ, ಯಾರೂ ಫೋನ್ ಹಿಡದಿದ್ದಿಲ್ಲ. ಇವು ಯಾವಕ್ಕೂ ಹೆಚ್ಚಿನ ರೊಕ್ಕ ಬೇಕಾಗಿದ್ದಿಲ್ಲ, ಯಾರಿಗೂ ಹೆಚ್ಚಿನ ಭಾಂಡೆ ಬೀಳಲಿಲ್ಲ.

ಇನ್ನು ಮಣ್ಣೆತ್ತಿನ ಅಮಾಸಿ ಮಾತು. 2020ರಾಗ ಅದೇ ದಿನಾ ಸೂರ್ಯಗ್ರಹಣ ಬಂದು ಹಬ್ಬ ಗಡಿಬಿಡ್ಯಾಗ ಹೋತು. ಈ ಸಲ ಸಮಾಧಾನದಿಂದ ಮಾಡೂಣು. ಎರಡು ಎತ್ತು, ಮುಂದೊಂದು ಗ್ವಾದಲಿ. ಮಕ್ಕಳ ಕೈಯಾಗ ಮಣ್ಣು ಕೊಡ್ರಿ, ಎತ್ತು ನಾಯಿಯಂಗ ಕಂಡ್ರೂ ನಡೀತೈತಿ, ಕಡಬು ಅಂತೂ ಸಿಗ್ತಾವು. ಮಾಡಾಕ ಆಗದವರು ಕುಂಬಾರ ಮನಿಯಿಂದಾನೇ ತಗೋರಿ, ರೋಗದ ಎರಡು ವರ್ಷ ಸಂತಿ ಇದ್ದಿಲ್ಲ, ಜಾತ್ರಿ ಇದ್ದಿಲ್ಲ, ಅವರ ಮಣ್ಣು ಹಂಗೇ ಒಣಗಿತ್ತು. ಮತ್ತ ಒಂದು ಜೋಡಿ ಹೆಚ್ಚಿಗಿ ತಗೋರಿ. ನಿಮ್ಮ ಓಣ್ಯಾಗೂ ಅಪ್ಪನೋ ಅವ್ವನೋ ಇಲ್ಲದ ಮಕ್ಕಳು ಇರ್ತಾವು, "ನಮ್ಮ ಮನ್ಯಾಗ ಹಬ್ಬ ಇಲ್ಲ" ಅಂತ ಕಿಡಕ್ಯಾಗ ನಿಂತು ನೋಡ್ತಿರ್ತಾವು. ಅವರ ಮನ್ಯಾಗ ಹಿರ್ಯಾರನ್ನ ಒಂದು ಮಾತು ಕೇಳಿ, ಒಪ್ಪಿದ್ರ, ಆ ಜೋಡಿ ಆ ಮಕ್ಕಳ ಕೈಯಾಗ ಇಡ್ರಿ. ಹಬ್ಬ ಅವರ ಮನಿದು ಆಗೂದು ಬ್ಯಾಡ. ಆಟ ಅಂತೂ ಮಕ್ಕಳದು ಆಗಬೇಕಲ್ಲ.